ಮೈದುಂಬಿದ ಮಗು: ನಗರೀಕರಣ, ಮಕ್ಕಳ ತೂಕ ಮತ್ತು ನಮ್ಮ ನುಡಿ

ಬಹುದಿನಗಳ ಮೇಲೆ ಕಂಡ ಮಗುವನ್ನು ಕುರಿತು ನಮ್ಮ ಮನೆಗಳ ಹಿರಿಯರು ಆಡುವ ಮೊದಲ ಮಾತು ಸಾಮಾನ್ಯವಾಗಿ ಅದರ ಮೈಯನ್ನು ಕುರಿತದ್ದು. ‘ಮೈ ಹಿಡದೈತಿ’ ಎಂದರೆ ಸಂತೋಷ. ‘ಬಡವಾಗೈತಿ’ ಎಂದರೆ ಕಳವಳ. ಈ ಎರಡನೆಯ ಮಾತಿನ ಬಳಿ ಐಚ್ಛಿಕ ಕನ್ನಡದ ವಿದ್ಯಾರ್ಥಿಗಳು ಸ್ವಲ್ಪ ಹೊತ್ತು ನಿಲ್ಲಬೇಕು. ತೆಳ್ಳಗಾಗುವುದಕ್ಕೂ ಕೈಯಲ್ಲಿ ಹಣವಿಲ್ಲದಂತಾಗುವುದಕ್ಕೂ ಇಲ್ಲಿ ಒಂದೇ ಕ್ರಿಯಾಪದವಿದೆ. ಬಡವ, ಬಡತನ, ಬಡಕಲು ಇವೆಲ್ಲ ‘ಬಡ’ ಎಂಬ ಒಂದೇ ಬೇರಿನಿಂದ ಬಂದವು. ಕೃಶತೆ, ದೌರ್ಬಲ್ಯ, ದಾರಿದ್ರ್ಯ ಈ ಮೂರೂ ಬೇರೆ ಬೇರೆ ಎಂದು ಕನ್ನಡ ಎಣಿಸಿಯೇ ಇಲ್ಲ.

ನನ್ನ ಶಾಲೆಯ ಓದು ಅರ್ಧ ಕನ್ನಡದಲ್ಲಿ, ಅರ್ಧ ಮರಾಠಿಯಲ್ಲಿ ನಡೆದದ್ದರಿಂದ ಇಂಥ ಮಾತುಗಳನ್ನು ಜೋಡಿಯಾಗಿಯೇ ಕೇಳಿ ಬೆಳೆದೆ. ಕೂಸು ತುಂಬಿಕೊಂಡರೆ ಮರಾಠಿಯಲ್ಲಿ ‘ಬಾಳಸೆ ಧರಲೆ’ ಎನ್ನುತ್ತಾರೆ. ಗುಂಡುಗುಂಡಾದ ಮಗು ‘ಗುಟಗುಟೀತ’. ಕನ್ನಡದ ‘ಉಂಡುಟ್ಟ ಮನೆಯ ಹುಡುಗ’ ಮರಾಠಿಯಲ್ಲಿ ‘ಖಾತ್ಯಾಪಿತ್ಯಾ ಘರಚಾ’ ಆಗುತ್ತಾನೆ. ತೆಳ್ಳಗಾದವನನ್ನು ಮರಾಠಿ ‘ವಾಳಲಾ’, ಅಂದರೆ ಒಣಗಿದ ಎನ್ನುತ್ತದೆ. ಕನ್ನಡ ‘ಸೊರಗಿದ’ ಎನ್ನುತ್ತದೆ. ಎರಡೂ ನುಡಿಗಳು ಮಗುವನ್ನು ಪೈರಿನಂತೆ ನೋಡುತ್ತಿವೆ. ನೀರಿಲ್ಲದೆ ಒಣಗುವ ಪೈರು, ಮಳೆ ಬಂದರೆ ತುಂಬುವ ತೆನೆ. ಎರಡು ಭಿನ್ನ ಭಾಷಾಕುಲಗಳ ನುಡಿಗಳಲ್ಲಿ ಈ ಸಾಮ್ಯ ಕಾಣಲು ಕಾರಣ ವ್ಯಾಕರಣದಲ್ಲಿಲ್ಲ, ಅವು ಹಂಚಿಕೊಂಡ ನೆಲದಲ್ಲಿದೆ.

ಆ ನೆಲ ಹಸಿವಿನ ನೆಲ. 1876–78ರ ಬರಗಾಲದಲ್ಲಿ ಮುಂಬಯಿ ಪ್ರಾಂತದೊಳಗೆ ಅತಿಯಾಗಿ ನಲುಗಿದ ಜಿಲ್ಲೆಗಳಲ್ಲಿ ಸೊಲ್ಲಾಪುರವೂ ಅಂದಿನ ಕಲಾದಗಿಯೂ ಇದ್ದವು. 1972ರ ಬರವನ್ನು ಕಂಡವರು ಇಂದಿಗೂ ನಮ್ಮ ಮನೆಗಳಲ್ಲಿದ್ದಾರೆ. ಖಡಿ ಒಡೆಯುವ ಕೆಲಸ, ಹೊರದೇಶದಿಂದ ಬಂದ ಕೆಂಪು ‘ಮಿಲೋ’ ಜೋಳ, ಮಕ್ಕಳಿಗೆ ಹಂಚಿದ ‘ಸುಕಡಿ’ ಇವೆಲ್ಲ ಅವರ ಬಾಯಲ್ಲಿ ಇನ್ನೂ ನೆನಪಾಗಿ ಉಳಿದಿವೆ. ಮಗುವಿನ ಕೆನ್ನೆ ತುಂಬಿರುವುದೆಂದರೆ ಮನೆಯ ಹಗೇವು ತುಂಬಿರುವುದಕ್ಕೆ ಸಾಕ್ಷಿ ಎಂಬ ನಂಬಿಕೆ ಅಂಥ ಕಾಲದಲ್ಲಿ ಬೆಳೆದದ್ದು. ಅಂದಿನ ಮಟ್ಟಿಗೆ ಅದು ಸರಿಯಾದ ನಂಬಿಕೆಯೇ ಆಗಿತ್ತು. ನುಡಿಯು ಹಸಿವಿನ ಕಾಲದ್ದಾಗಿ ಉಳಿದು, ಮಗು ಮಾತ್ರ ನಗರದ್ದಾಗಿ ಬೆಳೆದಾಗ ಏನಾಗುತ್ತದೆ ಎಂಬುದನ್ನು ಈ ಪಾಠದಲ್ಲಿ ನೋಡೋಣ. ವಿಷಯ ವೈದ್ಯಶಾಸ್ತ್ರದ್ದು, ಕನ್ನಡ ವಿಭಾಗಕ್ಕೆ ಇದೇಕೆ ಎಂದು ಯಾರಾದರೂ ಕೇಳಬಹುದು. ನಿಮ್ಮಲ್ಲಿ ಅನೇಕರು ನಾಳೆ ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರದ ಕನ್ನಡ ಶಾಲೆಗಳಲ್ಲಿ ಶಿಕ್ಷಕರಾಗುವವರು. ಮಕ್ಕಳ ಎತ್ತರ, ತೂಕವನ್ನು ದಾಖಲೆಯಲ್ಲಿ ಬರೆಯುವ ಕೈ ನಿಮ್ಮದಾಗಿರುತ್ತದೆ. ಆ ಅಂಕೆಯ ಅರ್ಥವನ್ನು ತಾಯಿಗೆ ಅವಳ ನುಡಿಯಲ್ಲಿ ತಿಳಿಸಬೇಕಾದ ಬಾಯಿಯೂ ನಿಮ್ಮದೇ.

ಮೊದಲು ಅಳತೆಯನ್ನು ಅರಿಯೋಣ. ತೂಕವನ್ನು ಕಿಲೋಗ್ರಾಂನಲ್ಲಿ ತೆಗೆದುಕೊಂಡು, ಮೀಟರಿನಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದರೆ ಬರುವ ಅಂಕೆಯೇ ದೇಹದ್ರವ್ಯರಾಶಿ ಸೂಚ್ಯಂಕ. ರೂಢಿಯ ಮಾತಿನಲ್ಲಿ ಬಿಎಂಐ. ವಯಸ್ಕರಿಗೆ ಇದನ್ನು ನೇರವಾಗಿ ಬಳಸುತ್ತಾರೆ. ಮಕ್ಕಳಿಗೆ ಹಾಗೆ ಬಳಸಲಾಗದು, ಏಕೆಂದರೆ ಬೆಳೆಯುವ ದೇಹದಲ್ಲಿ ಈ ಅಂಕೆ ವಯಸ್ಸಿನೊಡನೆ ಏರಿಳಿಯುತ್ತದೆ. ಶೈಶವದ ನಂತರ ಅದು ಇಳಿದು, ಐದಾರು ವರ್ಷದ ಸುಮಾರಿಗೆ ಮತ್ತೆ ಏರತೊಡಗುತ್ತದೆ. ಆದ್ದರಿಂದ 5ರಿಂದ 19 ವರ್ಷದವರಿಗೆ ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ವಯಸ್ಸು ಹಾಗೂ ಲಿಂಗಕ್ಕೆ ತಕ್ಕ ಕೋಷ್ಟಕಗಳನ್ನು ನೀಡಿತು. ಸರಾಸರಿಯಿಂದ ಒಂದು ಮಾನಕ ವಿಚಲನೆಗಿಂತ ಮೇಲಿದ್ದರೆ ಅಧಿಕ ತೂಕ, ಎರಡಕ್ಕಿಂತ ಮೇಲಿದ್ದರೆ ಬೊಜ್ಜು ಎಂಬುದು ಅದರ ಲೆಕ್ಕ. ಒಂದು ಉದಾಹರಣೆ ನೋಡಿ. 1.45 ಮೀಟರ್ ಎತ್ತರ, 50 ಕಿಲೋ ತೂಕದ 12 ವರ್ಷದ ಹುಡುಗನ ಸೂಚ್ಯಂಕ ಸುಮಾರು 23.8. ಇದೇ ಅಂಕೆ 30 ವರ್ಷದವನದಾಗಿದ್ದರೆ ವಿಶ್ವ ಆರೋಗ್ಯ ಸಂಸ್ಥೆಯ ಸಾಮಾನ್ಯ ಮಾನದಂಡದಲ್ಲಿ ಅವನಿಗೆ ಯಾವ ದೋಷವೂ ಇಲ್ಲ. ಆದರೆ 12 ವರ್ಷದ ಹುಡುಗನಿಗೆ ಬೊಜ್ಜಿನ ಗೆರೆ 23.6ರ ಸುಮಾರಿಗೆ ಇರುವುದರಿಂದ ಅವನು ಅದನ್ನು ದಾಟಿದ್ದಾನೆ. ಅದೇ ವಯಸ್ಸಿನ ಹುಡುಗಿಗೆ ಆ ಗೆರೆ 25ರ ಬಳಿ ಇದೆ. ಆದ್ದರಿಂದ ಅವಳು ಅಧಿಕ ತೂಕದವಳು, ಬೊಜ್ಜಿನವಳಲ್ಲ. ಕಣ್ಣಳತೆಗೆ ಈ ವ್ಯತ್ಯಾಸ ತಿಳಿಯುವುದೇ ಇಲ್ಲ. ಹಸಿವಿನ ಕಾಲದ ನುಡಿಯಲ್ಲಿ ಪಳಗಿದ ಕಣ್ಣಿಗಂತೂ ಅವರಿಬ್ಬರೂ ‘ಚೆನ್ನಾಗಿ ಬೆಳೆದ’ ಮಕ್ಕಳು.

ಈ ಅಳತೆಗೂ ಒಂದು ಮಿತಿಯಿದೆ. ಅದು ತೂಕವನ್ನು ಹೇಳುತ್ತದೆ, ಕೊಬ್ಬನ್ನು ಹೇಳುವುದಿಲ್ಲ. 2004ರಲ್ಲಿ ಪುಣೆಯ ಕೆ.ಇ.ಎಂ. ಆಸ್ಪತ್ರೆಯ ಡಾ. ಚಿತ್ತರಂಜನ ಯಾಜ್ಞಿಕ ಅವರು ಲಂಡನ್ನಿನ ಸಹೋದ್ಯೋಗಿ ಜಾನ್ ಯುಡ್ಕಿನ್ ಅವರೊಂದಿಗೆ ನಿಂತ ಒಂದು ಛಾಯಾಚಿತ್ರ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಇಬ್ಬರ ಸೂಚ್ಯಂಕವೂ ಸರಿಯಾಗಿ 22.3. ಆದರೆ ಯುಡ್ಕಿನ್ ಅವರ ದೇಹದಲ್ಲಿ ಕೊಬ್ಬಿನ ಪ್ರಮಾಣ ಶೇ. 9.1, ಯಾಜ್ಞಿಕ ಅವರಲ್ಲಿ ಶೇ. 21.2. ತೆಳ್ಳಗೆ ಕಾಣುವ ಭಾರತೀಯ ದೇಹದೊಳಗೆ ಎಷ್ಟು ಕೊಬ್ಬು ಅಡಗಿರಬಲ್ಲದು ಎಂಬುದನ್ನು ಆ ಒಂದು ಚಿತ್ರ ಹೇಳಿತು. ಭಾರತೀಯ ಮಕ್ಕಳ ವೈದ್ಯರ ಸಂಘ 2015ರಲ್ಲಿ ನಮ್ಮ ಮಕ್ಕಳಿಗಾಗಿ ಸಿದ್ಧಪಡಿಸಿದ ಬೆಳವಣಿಗೆಯ ಕೋಷ್ಟಕಗಳಲ್ಲಿ ವಯಸ್ಕರ 23ಕ್ಕೆ ಸಮನಾದ ಗೆರೆಯನ್ನು ಅಧಿಕ ತೂಕಕ್ಕೂ 27ಕ್ಕೆ ಸಮನಾದ ಗೆರೆಯನ್ನು ಬೊಜ್ಜಿಗೂ ಇಟ್ಟಿತು. ಗೆರೆಯನ್ನು ಹೀಗೆ ಕೆಳಗಿಳಿಸಿದ್ದರ ಹಿಂದೆ ಇದೇ ವಿವೇಕವಿದೆ.

ಇನ್ನು ಅಂಕಿಸಂಖ್ಯೆಗಳು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಐದು ವರ್ಷದೊಳಗಿನ ಭಾರತೀಯ ಮಕ್ಕಳಲ್ಲಿ ಅಧಿಕ ತೂಕದವರು 2015–16ರಲ್ಲಿ ಶೇ. 2.1 ಇದ್ದರು, 2019–21ರಲ್ಲಿ ಶೇ. 3.4 ಆದರು. ನಗರದಲ್ಲಿ ಶೇ. 4.2, ಹಳ್ಳಿಯಲ್ಲಿ ಶೇ. 3.2. ಇದನ್ನು ಓದಿ ‘ಇಷ್ಟೇ ತಾನೆ’ ಎನ್ನಬಹುದು. ಅದೇ ಸಮೀಕ್ಷೆಯಲ್ಲಿ ವಯಸ್ಸಿಗೆ ತಕ್ಕ ಎತ್ತರವಿಲ್ಲದ ಮಕ್ಕಳು ಶೇ. 35.5, ನಗರದಲ್ಲಿ ಸುಮಾರು 30, ಹಳ್ಳಿಯಲ್ಲಿ 37. ಹಸಿವು ಇನ್ನೂ ದೊಡ್ಡ ಸಂಗತಿ, ಬೊಜ್ಜು ಚಿಕ್ಕ ಸಂಗತಿ ಎಂಬುದು ನಿಜ. ಆದರೆ ಮೊದಲನೆಯದು ನಿಧಾನವಾಗಿ ಇಳಿಯುತ್ತಿದೆ, ಎರಡನೆಯದು ವೇಗವಾಗಿ ಏರುತ್ತಿದೆ. 2024ರಲ್ಲಿ ‘ಲ್ಯಾನ್ಸೆಟ್’ ಪ್ರಕಟಿಸಿದ ಅಂತರರಾಷ್ಟ್ರೀಯ ಅಧ್ಯಯನವೊಂದರ ಅಂದಾಜಿನಂತೆ, ಜಗತ್ತಿನಲ್ಲಿ 5ರಿಂದ 19 ವರ್ಷದ ಬೊಜ್ಜಿನ ಮಕ್ಕಳು 1990ರಲ್ಲಿ ಸುಮಾರು 3.1 ಕೋಟಿ ಇದ್ದವರು 2022ರಲ್ಲಿ 16 ಕೋಟಿಯ ಸಮೀಪ ಬಂದರು. ಭಾರತದ ಪಾಲು ಅದೇ ಅವಧಿಯಲ್ಲಿ ಸುಮಾರು 4 ಲಕ್ಷದಿಂದ 1.25 ಕೋಟಿಗೆ ಏರಿತು. ಮೂರು ದಶಕಗಳಲ್ಲಿ ಮೂವತ್ತು ಪಟ್ಟು. ಮನುಷ್ಯನ ವಂಶವಾಹಿಗಳು ಮೂವತ್ತು ವರ್ಷಗಳಲ್ಲಿ ಬದಲಾಗುವುದಿಲ್ಲ; ಮಕ್ಕಳು ಇದ್ದಕ್ಕಿದ್ದಂತೆ ಹೊಟ್ಟೆಬಾಕರಾಗಲೂ ಇಲ್ಲ. ಬದಲಾದದ್ದು ಅವರು ಬೆಳೆಯುವ ಸ್ಥಳ.

1951ರಲ್ಲಿ ಭಾರತದ ನಗರವಾಸಿಗಳು ಶೇ. 17ರಷ್ಟಿದ್ದರೆ 2011ರ ಜನಗಣತಿಯಲ್ಲಿ ಶೇ. 31 ಆಗಿದ್ದರು, ಮಹಾರಾಷ್ಟ್ರದಲ್ಲಿ ಶೇ. 45. ಸೊಲ್ಲಾಪುರ ನಗರದ ಜನಸಂಖ್ಯೆ ಆ ವರ್ಷ ಒಂಬತ್ತೂವರೆ ಲಕ್ಷ. ಈ ನಗರವನ್ನು ಕಟ್ಟಿದ್ದು ಬಟ್ಟೆಯ ಗಿರಣಿಗಳು, ಕೈಮಗ್ಗ, ಬೀಡಿ. ಮರಾಠಿ, ಕನ್ನಡ, ತೆಲುಗು ಮೂರೂ ಬೀದಿಯಲ್ಲಿ ಕೇಳುವ ಈ ಊರಿನಲ್ಲಿ ಒಂದು ಕಾಲಕ್ಕೆ ಜನ ಗಿರಣಿಯ ಭೋಂಗಾ ಕೇಳಿ ಎದ್ದು ಕೆಲಸಕ್ಕೆ ನಡೆದು ಹೋಗುತ್ತಿದ್ದರು. ನಗರವಾಸ ಎಂದರೆ ಬೊಜ್ಜು ಎಂಬ ಸಮೀಕರಣ ಅಂದಿಗೆ ಹೊಂದುತ್ತಿರಲಿಲ್ಲ. ಆದ್ದರಿಂದ ‘ನಗರೀಕರಣ’ ಎಂಬ ಒಂದೇ ಪದದ ಮೇಲೆ ಎಲ್ಲ ಭಾರವನ್ನೂ ಹೊರಿಸುವ ಮೊದಲು, ನಗರವು ಮಗುವಿನ ಮೈಯನ್ನು ಯಾವ ದಾರಿಯಿಂದ ಮುಟ್ಟುತ್ತದೆ ಎಂದು ಬಿಡಿಸಿ ನೋಡಬೇಕು.

ಮೊದಲು ಕಾಲಿನಿಂದ ಆರಂಭಿಸೋಣ. ಹಳ್ಳಿಯ ಮಗು ಶಾಲೆಗೆ, ಬಾವಿಗೆ, ಹೊಲಕ್ಕೆ ನಡೆಯುತ್ತದೆ. ಅದನ್ನು ಯಾರೂ ವ್ಯಾಯಾಮ ಎಂದು ಕರೆಯುವುದಿಲ್ಲ. ನಗರದ ಮಗು ಮನೆಯ ಬಾಗಿಲಲ್ಲಿ ರಿಕ್ಷಾ ಹತ್ತಿ ಶಾಲೆಯ ಬಾಗಿಲಲ್ಲಿ ಇಳಿಯುತ್ತದೆ. ತಂದೆತಾಯಿಗಳ ಸೋಮಾರಿತನದಿಂದ ಹೀಗಾಗುತ್ತಿದೆ ಎನ್ನುವುದು ಅನ್ಯಾಯ. ಪಾದಚಾರಿಗೆ ಹಾದಿಯೇ ಇಲ್ಲದ ರಸ್ತೆಯಲ್ಲಿ, ಟ್ರಕ್ಕುಗಳ ನಡುವೆ, ಎಂಟು ವರ್ಷದ ಮಗುವನ್ನು ನಡೆಸಿ ಕಳಿಸುವ ಧೈರ್ಯ ಯಾರಿಗಿದೆ? ಹಳೆಯ ವಾಡೆಗಳ ನಡುವಿನ ಅಂಗಳ ಹೋಗಿ, ಕಟ್ಟಡದ ಕೆಳಗೆ ಗಾಡಿಗಳು ನಿಲ್ಲುವ ಜಾಗ ಬಂದಿದೆ. ಅಲ್ಲಿ ಚೆಂಡು ಎಸೆದರೆ ಯಾರದೋ ಕಾರಿನ ಗಾಜಿಗೆ ಅಪಾಯ. ಚಿಣ್ಣಿದಾಂಡು, ಲಗೋರಿ, ಕುಂಟಾಬಿಲ್ಲೆಗಳ ಹೆಸರು ನಿಮ್ಮ ಜಾನಪದ ಪತ್ರಿಕೆಯ ಪಠ್ಯದಲ್ಲಿ ಉಳಿದಿವೆ. ಅವನ್ನು ಆಡುವ ಬಯಲು ಉಳಿದಿಲ್ಲ. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈಬೆವರುವಷ್ಟು ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 2016ರ ಅಂಕಿಅಂಶಗಳನ್ನು ಆಧರಿಸಿದ ಅದರ ಅಂದಾಜಿನಂತೆ ಜಗತ್ತಿನ 11ರಿಂದ 17 ವರ್ಷದವರಲ್ಲಿ ಶೇ. 81 ಮಂದಿಗೆ ಅಷ್ಟು ಚಟುವಟಿಕೆ ಇಲ್ಲ. ಹುಡುಗಿಯರ ಸ್ಥಿತಿ ಹುಡುಗರಿಗಿಂತ ಕೆಟ್ಟದ್ದು, ಅದರ ಕಾರಣ ನಮಗೆಲ್ಲ ತಿಳಿದೇ ಇದೆ. ಮುಟ್ಟು ಬಂದ ಹುಡುಗಿಯನ್ನು ಬಯಲಿನಿಂದ ಒಳಗೆ ಕರೆಯುತ್ತೇವೆ. ಖೋಖೋ ಆಡುತ್ತಿದ್ದವಳು ಒಂದೇ ವರ್ಷದಲ್ಲಿ ಕುಳಿತು ಓದುವವಳಾಗುತ್ತಾಳೆ. ಪ್ರೌಢಾವಸ್ಥೆಯಲ್ಲಿ ಹೆಣ್ಣುಮಕ್ಕಳ ದೇಹ ಸಹಜವಾಗಿಯೇ ಕೊಬ್ಬನ್ನು ಹೆಚ್ಚಿಸಿಕೊಳ್ಳುವ ಹೊತ್ತಿಗೆ ಸರಿಯಾಗಿ ಈ ನಿರ್ಬಂಧ ಬಂದು ಕೂಡುತ್ತದೆ.

ತಟ್ಟೆಯ ಮಾತು ಇನ್ನಷ್ಟು ವಿಸ್ತಾರವಾದದ್ದು. ಹಿಂಗಾರಿ ಜೋಳಕ್ಕೆ ನಮ್ಮ ಸೀಮೆ ಹೆಸರುವಾಸಿ. ಮಾಲದಂಡಿಯ ಹೆಸರನ್ನು ಕೇಳದ ರೈತ ಇಲ್ಲಿಲ್ಲ, ಮಂಗಳವೇಢೆಯ ಜೋಳಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆತಿದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಆಹಾರ ಕೋಷ್ಟಕದಲ್ಲಿ 100 ಗ್ರಾಂ ಜೋಳದಲ್ಲಿ ನಾರು ಸುಮಾರು 10 ಗ್ರಾಂ ಇದೆ, ಮೈದಾದಲ್ಲಿ 3 ಗ್ರಾಂಗಿಂತಲೂ ಕಡಿಮೆ. ಶಕ್ತಿಯಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸ ಹೊಟ್ಟೆಯಲ್ಲಿ ತಿಳಿಯುತ್ತದೆ. ಬದನೆಯ ಪಲ್ಯ, ಶೇಂಗಾ ಚಟ್ನಿಯೊಂದಿಗೆ ಎರಡು ರೊಟ್ಟಿ ತಿಂದ ಮಗು ‘ಸಾಕು’ ಎನ್ನುತ್ತದೆ. ಚಹಾದಲ್ಲಿ ಅದ್ದಿದ ಖಾರಿ, ಟೋಸ್ಟು ತಿಂದ ಮಗು ಇನ್ನೊಂದು ಕೇಳುತ್ತದೆ. ಆದರೆ ಜೋಳದ ರೊಟ್ಟಿ ಬಡಿಯಲು ಕೈಯ ಹದ ಬೇಕು, ಸಮಯ ಬೇಕು. ಸೂರ್ಯ ಏಳುವ ಮೊದಲು ಕೆಲಸಕ್ಕೆ ಹೊರಡುವ ತಾಯಿಗೆ ಅದು ಎಲ್ಲಿಂದ ಬರಬೇಕು? ದಶಕಗಳ ಕಾಲ ನ್ಯಾಯಬೆಲೆ ಅಂಗಡಿಯಲ್ಲಿ ಅಗ್ಗವಾಗಿ ಸಿಕ್ಕಿದ್ದು ಗೋಧಿ ಮತ್ತು ಅಕ್ಕಿ. ನಮ್ಮ ಹೊಲದ ಜೋಳ ತಟ್ಟೆಯಿಂದ ದೂರವಾಗಿದ್ದರಲ್ಲಿ ರುಚಿಯ ಪಾಲಿಗಿಂತ ಸಮಯ ಮತ್ತು ಬೆಲೆಗಳ ಪಾಲೇ ದೊಡ್ಡದು. ಈಗ ಅದೇ ರೊಟ್ಟಿ ದೊಡ್ಡ ಊರುಗಳ ಹೋಟೆಲುಗಳಲ್ಲಿ ಆರೋಗ್ಯದ ಊಟವೆಂದು ದುಬಾರಿಯಾಗಿ ಮಾರಾಟವಾಗುತ್ತಿದೆ ಎಂಬುದನ್ನು ಕಂಡು ನಮ್ಮ ಹಿರಿಯರು ನಗುತ್ತಾರೆ.

ಸಕ್ಕರೆಯ ಲೆಕ್ಕವನ್ನೂ ಒಮ್ಮೆ ಮಾಡಿ ನೋಡಿ. ಹೊರಗಿನಿಂದ ಬೆರೆಸಿದ ಸಕ್ಕರೆ ದಿನದ ಶಕ್ತಿಯ ಶೇ. 10ನ್ನು ಮೀರಬಾರದು, ಶೇ. 5ರೊಳಗಿದ್ದರೆ ಇನ್ನೂ ಒಳ್ಳೆಯದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ದಿನಕ್ಕೆ 2000 ಕಿಲೋಕ್ಯಾಲೊರಿ ಬೇಕಾದ ಮಗುವಿಗೆ ಶೇ. 5 ಎಂದರೆ 25 ಗ್ರಾಂ. ತಂಪುಪಾನೀಯದ 300 ಮಿಲಿಲೀಟರಿನ ಒಂದು ಬಾಟಲಿಯಲ್ಲೇ 30 ಗ್ರಾಂ ಮೀರುತ್ತದೆ. ಕುಡಿದ ಸಕ್ಕರೆ ತಿಂದದ್ದರಂತೆ ಹೊಟ್ಟೆ ತುಂಬಿಸುವುದಿಲ್ಲವಾದ್ದರಿಂದ ಅದು ಊಟದ ಮೇಲಿನ ಊಟವಾಗುತ್ತದೆ.

ಮೂರನೆಯದು ಸಂಜೆ. ಶಾಲೆ ಮುಗಿದ ಮೇಲೆ ಕ್ಲಾಸು, ಕ್ಲಾಸು ಮುಗಿದ ಮೇಲೆ ಮೊಬೈಲು, ತಡರಾತ್ರಿಗೆ ನಿದ್ರೆ. ನಿದ್ರೆ ಕಡಿಮೆಯಾದರೆ ಹಸಿವನ್ನು ಹೆಚ್ಚಿಸುವ ರಸದೂತಗಳು ಏರುತ್ತವೆ, ತೃಪ್ತಿಯನ್ನು ತಿಳಿಸುವವು ಇಳಿಯುತ್ತವೆ. ಹತ್ತನೆಯ ಮತ್ತು ಹನ್ನೆರಡನೆಯ ತರಗತಿಯ ವರ್ಷಗಳಲ್ಲಿ ಆಟವನ್ನು ಕಸಿದು ಓದನ್ನು ಕೊಡುವ ವ್ಯವಸ್ಥೆಯಲ್ಲಿ ನಾವು ಶಿಕ್ಷಕರೂ ಪಾಲುದಾರರು.

ಇಷ್ಟಾದರೂ ಒಂದು ಪ್ರಶ್ನೆ ಉಳಿಯುತ್ತದೆ. ಹಸಿದ ನೆಲದಿಂದ ಬಂದ ನಮ್ಮ ಮಕ್ಕಳು ನಗರದ ಅಲ್ಪ ಸಮೃದ್ಧಿಗೇ ಏಕೆ ಇಷ್ಟು ಬೇಗ ಬಲಿಯಾಗಬೇಕು? ಇದಕ್ಕೆ ಉತ್ತರದ ಒಂದು ಭಾಗ ಮತ್ತೆ ಪುಣೆಯಿಂದಲೇ ಬಂದಿದೆ. ಯಾಜ್ಞಿಕ ಮತ್ತು ಅವರ ಸಂಗಡಿಗರು ಪುಣೆಯ ಸುತ್ತಲಿನ ಹಳ್ಳಿಗಳ ಗರ್ಭಿಣಿಯರನ್ನೂ ಅವರ ಕೂಸುಗಳನ್ನೂ ಅಭ್ಯಸಿಸಿ 2003ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ, ಆ ಕೂಸುಗಳ ಸರಾಸರಿ ಜನನತೂಕ 2.7 ಕಿಲೋ, ಹೋಲಿಕೆಗೆ ತೆಗೆದುಕೊಂಡ ಇಂಗ್ಲೆಂಡಿನ ಸೌತಾಂಪ್ಟನ್ನಿನ ಕೂಸುಗಳದು 3.5 ಕಿಲೋ. ಹಳ್ಳಿಯ ಕೂಸಿನಲ್ಲಿ ಸ್ನಾಯು ಕಡಿಮೆ, ಹೊಟ್ಟೆಯ ಅಂಗಗಳು ಚಿಕ್ಕವು. ಆದರೆ ಬೆನ್ನಿನ ಮೇಲ್ಭಾಗದ ಚರ್ಮದಡಿಯ ಕೊಬ್ಬು ಮಾತ್ರ ಅಷ್ಟಾಗಿ ತಗ್ಗಿರಲಿಲ್ಲ. ಇದನ್ನು ಅವರು ‘ತೆಳ್ಳಗಿದ್ದೂ ಕೊಬ್ಬಿರುವ ಕೂಸು’ ಎಂಬ ಅರ್ಥದ ಹೆಸರಿನಿಂದ ಕರೆದರು. ಗರ್ಭದಲ್ಲಿ ಅನ್ನ ಸಾಲದಾಗ ದೇಹ ಸ್ನಾಯುವನ್ನು ಬಿಟ್ಟುಕೊಟ್ಟು ಕೊಬ್ಬನ್ನು ಕಾಯ್ದುಕೊಳ್ಳುತ್ತದೆ. ಮುಂದಿನ ಬರಕ್ಕೆ ಸಿದ್ಧವಾಗಿಯೇ ಹುಟ್ಟುತ್ತದೆ. ಆ ಬರ ಬಾರದೆ ವಡಾಪಾವ್ ಬಂದರೆ? ಜತ್ತ ತಾಲೂಕಿನ ಒಣಭೂಮಿಯ ಹಳ್ಳಿಯಲ್ಲಿ ಅರೆಹೊಟ್ಟೆಯಲ್ಲಿ ಬೆಳೆದ ಹುಡುಗಿ ಮದುವೆಯಾಗಿ ನಗರಕ್ಕೆ ಬಂದು, ಅವಳ ಹಗುರ ತೂಕದ ಕೂಸು ನಗರದ ಆಹಾರದ ಮೇಲೆ ಬೇಗ ಬೇಗ ಮೈದುಂಬಿಕೊಂಡಾಗ, ತಾಯಿಯ ಬರಗಾಲವೂ ಮಗುವಿನ ಪೇಟೆಯೂ ಒಂದೇ ದೇಹದಲ್ಲಿ ಮುಖಾಮುಖಿಯಾಗುತ್ತವೆ. ಸಕ್ಕರೆ ಕಾಯಿಲೆ ಎರಡು ತಲೆಮಾರುಗಳ ಚರಿತ್ರೆಯನ್ನು ಹೊತ್ತು ಬರುತ್ತದೆ ಎಂದರೆ ಅತಿಶಯೋಕ್ತಿಯಲ್ಲ. 2016–18ರ ಸಮಗ್ರ ರಾಷ್ಟ್ರೀಯ ಪೋಷಣಾ ಸಮೀಕ್ಷೆ 10ರಿಂದ 19 ವರ್ಷದವರಲ್ಲಿ ಶೇ. 24 ಮಂದಿ ತೀರ ಕೃಶರೆಂದೂ ಶೇ. 5 ಮಂದಿ ಅಧಿಕ ತೂಕದವರೆಂದೂ ಕಂಡಿತು. ಅದೇ ವಯೋಮಾನದ ಶೇ. 10 ಮಂದಿಯ ರಕ್ತದಲ್ಲಿ ಮಧುಮೇಹದ ಪೂರ್ವಸ್ಥಿತಿ ಇತ್ತು. ದಪ್ಪಗೆ ಕಾಣುವವರಿಗಿಂತ ಅಪಾಯದ ಹೊಸ್ತಿಲಲ್ಲಿರುವವರು ಇಮ್ಮಡಿ. ಈ ಮೂರು ಅಂಕೆಗಳನ್ನು ಒಟ್ಟಿಗೆ ಇಟ್ಟುಕೊಂಡು ಓದಿದರೆ, ತೆಳ್ಳಗಿನ ಮಗುವಿನ ತಾಯಿಯೂ ಏಕೆ ನಿಶ್ಚಿಂತಳಾಗಿರುವಂತಿಲ್ಲ ಎಂಬುದು ತಿಳಿಯುತ್ತದೆ.

ಇಲ್ಲಿಯವರೆಗೆ ಹಳ್ಳಿ ಬೇರೆ, ನಗರ ಬೇರೆ ಎಂಬಂತೆ ಬರೆದೆ. ಆ ಗೆರೆಯೂ ಮಸುಕಾಗುತ್ತಿದೆ. 2022–23ರ ಕೌಟುಂಬಿಕ ಬಳಕೆಯ ವೆಚ್ಚದ ಸಮೀಕ್ಷೆಯಲ್ಲಿ ಪಾನೀಯ ಮತ್ತು ಸಂಸ್ಕರಿತ ಆಹಾರಕ್ಕೆ ಹಳ್ಳಿಯ ಮನೆಗಳು ತಮ್ಮ ವೆಚ್ಚದ ಶೇ. 9.62ನ್ನು, ನಗರದ ಮನೆಗಳು ಶೇ. 10.64ನ್ನು ಖರ್ಚು ಮಾಡಿದ್ದವು. ಕಾಳುಕಡಿಗಳಲ್ಲಿ ಧಾನ್ಯಕ್ಕೆ ಹಳ್ಳಿಯಲ್ಲಿ ಶೇ. 4.91, ನಗರದಲ್ಲಿ ಶೇ. 3.64. ಅಂದರೆ ಹಳ್ಳಿಯಲ್ಲೂ ಜೋಳ, ಅಕ್ಕಿ, ಗೋಧಿ ಎಲ್ಲ ಸೇರಿದ ವೆಚ್ಚದ ಎರಡರಷ್ಟು ಹಣ ಚಹಾ, ಬಿಸ್ಕತ್ತು, ಪೊಟ್ಟಣದ ತಿಂಡಿಗಳ ಕಡೆಗೆ ಹೋಗುತ್ತಿದೆ. ಸಾಂಗೋಲೆಯ ದಾಳಿಂಬೆ ದೂರದ ಮಾರುಕಟ್ಟೆಗೆ ಹೊರಡುತ್ತದೆ. ಐದು ರೂಪಾಯಿಯ ಚಿಪ್ಸಿನ ಪೊಟ್ಟಣ ಗಡಿಯ ಕೊನೆಯ ಹಳ್ಳಿಯ ಅಂಗಡಿಯಲ್ಲೂ ತೂಗಾಡುತ್ತದೆ. ಊರು ಬಿಟ್ಟು ಜನ ನಗರಕ್ಕೆ ಹೋಗುವುದು ನಗರೀಕರಣದ ಒಂದು ಮುಖವಾದರೆ, ಊರು ಬಿಡದವರ ಮನೆಗೆ ನಗರವೇ ಬರುವುದು ಇನ್ನೊಂದು ಮುಖ. 2023ರಲ್ಲಿ ‘ನೇಚರ್’ ಪತ್ರಿಕೆ ಪ್ರಕಟಿಸಿದ, 200 ದೇಶ ಹಾಗೂ ಪ್ರದೇಶಗಳನ್ನು ಒಳಗೊಂಡ ಅಧ್ಯಯನವು ನಗರದ ಮಕ್ಕಳಿಗೆ ಹಿಂದೆ ಇದ್ದ ಎತ್ತರದ ಅನುಕೂಲ ಬಹುಪಾಲು ದೇಶಗಳಲ್ಲಿ ಕ್ಷೀಣಿಸುತ್ತಿದೆ ಎಂದು ಹೇಳಿತು. ನಗರದಲ್ಲಿ ಹುಟ್ಟಿದ್ದೇ ಭಾಗ್ಯ ಎನ್ನುವ ಕಾಲ ಮುಗಿಯುತ್ತಿದೆ.

ಇದರ ನಡುವೆ ನಮ್ಮ ಜಿಲ್ಲೆಗಳದೇ ಆದ ಒಂದು ವಿಪರ್ಯಾಸವೂ ಇದೆ. ಕಬ್ಬು ಕಡಿಯಲು ಗುಳೆ ಹೋಗುವ ಕುಟುಂಬಗಳ ಮಕ್ಕಳು ಆರು ತಿಂಗಳು ಶಾಲೆಯಿಂದಲೂ ಶಾಲೆಯ ಬಿಸಿಯೂಟದಿಂದಲೂ ದೂರವಾಗಿ ಕಾರ್ಖಾನೆಯ ಬಳಿಯ ಗುಡಿಸಲಿನಲ್ಲಿ ಕಳೆಯುತ್ತಾರೆ. ಆ ಮಕ್ಕಳನ್ನು ಸೊರಗಿಸುವ ಬೆಳೆಯೇ ಸಕ್ಕರೆಯಾಗಿ ಪೇಟೆಯ ಮಕ್ಕಳ ಮೈಗೆ ಸೇರುತ್ತದೆ.

‘ಊಟ ಬಲ್ಲವನಿಗೆ ರೋಗವಿಲ್ಲ’ ಎಂಬ ಗಾದೆಯನ್ನು ಇಂಥ ವಿಷಯದ ಪ್ರಬಂಧಗಳಲ್ಲಿ ನೀವು ತಪ್ಪದೆ ಬರೆಯುತ್ತೀರಿ; ಉತ್ತರಪತ್ರಿಕೆಗಳಲ್ಲಿ ನಾನು ತಪ್ಪದೆ ಓದುತ್ತೇನೆ. ಗಾದೆ ಸುಳ್ಳಲ್ಲ. ಆದರೆ ಅದು ಉಣ್ಣುವವನ ಕೈಯಲ್ಲಿ ಅಡುಗೆಮನೆ ಇದೆ ಎಂದು ಭಾವಿಸಿದೆ. ಹತ್ತು ವರ್ಷದ ಮಗು ಏನು ಬಲ್ಲುದಾದರೂ ಅದರ ಊಟವನ್ನು ನಿರ್ಧರಿಸುವವರು ಬೇರೆ. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ‘ಅಷ್ಟೌನಿಂದಿತೀಯ’ ಎಂಬ ಅಧ್ಯಾಯವಿದೆ. ನಿಂದಿತವಾದ ಎಂಟು ಬಗೆಯ ದೇಹಗಳಲ್ಲಿ ಅತಿಸ್ಥೂಲ, ಅತಿಕೃಶ ಎರಡನ್ನೂ ಅದು ಒಂದೇ ಸಾಲಿನಲ್ಲಿ ಇಡುತ್ತದೆ. ಸ್ಥೂಲತೆಗೆ ಅತಿ ಭೋಜನ, ಸಿಹಿ ಮತ್ತು ಜಿಡ್ಡಿನ ಆಹಾರ, ವ್ಯಾಯಾಮವಿಲ್ಲದಿರುವುದು, ಹಗಲು ನಿದ್ರೆ, ಬೀಜದ ಸ್ವಭಾವ ಇವನ್ನು ಕಾರಣಗಳೆಂದು ಹೇಳುತ್ತದೆ. ಆಶ್ಚರ್ಯಪಡುವಷ್ಟು ನಿಖರವಾದ ಪಟ್ಟಿ. ಆದರೂ ಅಲ್ಲಿ ರೋಗಿ ಇದ್ದಾನೆ, ಅವನ ಅಭ್ಯಾಸಗಳಿವೆ, ಅವನ ಊರಿಲ್ಲ. ಊರನ್ನು ಸೇರಿಸಬೇಕಾದದ್ದು ನಮ್ಮ ಕಾಲದ ಕೆಲಸ. ಅದು ಸ್ವಲ್ಪಮಟ್ಟಿಗೆ ನಡೆದೂ ಇದೆ. ಮಹಾರಾಷ್ಟ್ರ ಸರ್ಕಾರ 2017ರಲ್ಲಿ ಶಾಲೆಯ ಉಪಾಹಾರಗೃಹಗಳಲ್ಲಿ ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಾದ ತಿನಿಸುಗಳನ್ನು ನಿಷೇಧಿಸಿತು. 2020ರ ಕೇಂದ್ರ ನಿಯಮ ಶಾಲೆಯ ಆವರಣದಿಂದ 50 ಮೀಟರಿನೊಳಗೆ ಅಂಥವುಗಳ ಮಾರಾಟವನ್ನು ತಡೆಯುತ್ತದೆ. 2025ರಲ್ಲಿ ಕೇಂದ್ರೀಯ ಪ್ರೌಢಶಿಕ್ಷಣ ಮಂಡಳಿ ತನ್ನ ಶಾಲೆಗಳಿಗೆ ಸಕ್ಕರೆಯ ಪ್ರಮಾಣವನ್ನು ತೋರಿಸುವ ಫಲಕಗಳನ್ನು ಹಾಕಲು ತಿಳಿಸಿತು. ನಿಮ್ಮ ಊರಿನ ಶಾಲೆಯ ಗೇಟಿನಿಂದ 50 ಹೆಜ್ಜೆ ನಡೆದು ನೋಡಿದರೆ ನಿಯಮಕ್ಕೂ ನಿಜಕ್ಕೂ ಇರುವ ದೂರ ತಿಳಿಯುತ್ತದೆ.

ಕೊನೆಗೆ ಮತ್ತೆ ನುಡಿಗೆ ಬರುತ್ತೇನೆ, ನಮ್ಮ ವಿಭಾಗದ ಹೊಣೆ ಇರುವುದು ಅಲ್ಲಿಯೇ. ಮೈದುಂಬಿದ ಕೂಸನ್ನು ಹೊಗಳುವ ಎರಡೂ ಭಾಷೆಗಳು, ಅದೇ ಕೂಸು ಹನ್ನೆರಡು ದಾಟಿದ ಕೂಡಲೇ ಧ್ವನಿ ಬದಲಿಸುತ್ತವೆ. ಕನ್ನಡದಲ್ಲಿ ‘ಕೊಬ್ಬು’ ಎಂದರೆ ಮೈಯ ಮೇದಸ್ಸೂ ಹೌದು, ಸೊಕ್ಕೂ ಹೌದು. ‘ಕೊಬ್ಬಿದ್ದಾನೆ’ ಎಂದರೆ ಬೈಗುಳ. ಮರಾಠಿಯ ‘ಚರಬಿ ಚಢಲೀ’ ಎಂಬುದೂ ಅದೇ ಆರೋಪ. ತೆಳ್ಳಗಿನವನಿಗೆ ನುಡಿ ಕರುಣೆಯನ್ನು ಇಟ್ಟಿದೆ, ದಪ್ಪಗಿನವನಿಗೆ ಅಪರಾಧವನ್ನು. ಆರು ವರ್ಷದವರೆಗೆ ‘ಗುಟಗುಟೀತ’ ಎಂದು ಮುದ್ದಿಸಿಕೊಂಡ ಹುಡುಗ ಏಳನೆಯ ತರಗತಿಯಲ್ಲಿ ‘ಡುಮ್ಮ’, ‘ಜಾಡ್ಯಾ’ ಆಗುತ್ತಾನೆ. ಆಟದ ತಾಸಿನಲ್ಲಿ ಓಡಲಾರದೆ ನಗೆಗೀಡಾಗಿ, ಮರುದಿನ ಹೊಟ್ಟೆನೋವೆಂದು ಮೂಲೆಗೆ ಕೂಡುತ್ತಾನೆ. ಅವನಿಗೆ ಅತ್ಯಗತ್ಯವಾದ ಆಟವನ್ನು ಒಂದು ಪದ ಅವನಿಂದ ಕಸಿದುಕೊಂಡಿತು. ಹದಿಹರೆಯದ ಬೊಜ್ಜು ಬಹುಪಾಲು ಮಂದಿಯಲ್ಲಿ ವಯಸ್ಕ ಬದುಕಿಗೂ ಮುಂದುವರಿಯುತ್ತದೆ. ರಕ್ತದೊತ್ತಡ, ಯಕೃತ್ತಿನಲ್ಲಿ ಕೊಬ್ಬು, ಮಧುಮೇಹ ಬೇಗನೆ ಬರುತ್ತವೆ. ಆ ಪಯಣದ ಆರಂಭದಲ್ಲಿ ತರಗತಿಯ ಒಂದು ಅಡ್ಡಹೆಸರು ಇರಬಹುದು ಎಂಬುದನ್ನು ಶಿಕ್ಷಕರಾಗುವವರು ಮರೆಯಬಾರದು. ವಾರ್ಷಿಕ ತೂಕವನ್ನು ಇಡೀ ತರಗತಿಯ ಎದುರು ಗಟ್ಟಿಯಾಗಿ ಕೂಗಿ ಹೇಳುವ ರೂಢಿಯನ್ನು ನೀವಾದರೂ ಬಿಡಿ. ತಾಯಿಯೊಡನೆ ಮಾತಾಡುವಾಗ ‘ನಿಮ್ಮ ಮಗನಿಗೆ ಬೊಜ್ಜು ಬಂದಿದೆ’ ಎನ್ನುವುದಕ್ಕಿಂತ ‘ಎತ್ತರಕ್ಕೆ ತಕ್ಕದ್ದಕ್ಕಿಂತ ತೂಕ ಸ್ವಲ್ಪ ಮುಂದಿದೆ, ಡಾಕ್ಟರಿಗೆ ಒಮ್ಮೆ ತೋರಿಸಿರಿ’ ಎಂದರೆ ಅರ್ಥ ಕೆಡುವುದಿಲ್ಲ, ಮುಖವೂ ಕೆಡುವುದಿಲ್ಲ. ಬೆಳೆಯುವ ಮಗುವಿಗೆ ಉಪವಾಸ ಹಾಕಿಸುವ ಸಲಹೆಯನ್ನಂತೂ ಯಾರೂ ಕೊಡಬಾರದು. ಹೆಚ್ಚಿನ ಮಕ್ಕಳಲ್ಲಿ ತೂಕವನ್ನು ಇದ್ದಲ್ಲಿಯೇ ಹಿಡಿದಿಟ್ಟರೆ ಸಾಕು, ಎತ್ತರ ಬೆಳೆದು ಲೆಕ್ಕ ತಾನಾಗಿ ಸರಿಹೊಂದುತ್ತದೆ.

ಮುಂದಿನ ತಾಸಿಗೆ ಒಂದು ಕೆಲಸ. ನಿಮ್ಮ ಮನೆಯಲ್ಲೂ ಓಣಿಯಲ್ಲೂ ಮಕ್ಕಳ ಮೈಯನ್ನು ಕುರಿತು ಆಡುವ ಕನ್ನಡ, ಮರಾಠಿ ಪದಗಳನ್ನು, ಸಾಧ್ಯವಾದರೆ ತೆಲುಗು ಮತ್ತು ದಖನಿಯವನ್ನೂ ಕೇಳಿಸಿಕೊಂಡ ಹಾಗೆಯೇ ಬರೆದುಕೊಂಡು ಬನ್ನಿ. ಪ್ರತಿಯೊಂದರ ಎದುರಿಗೆ ಅದನ್ನು ಆಡಿದವರ ವಯಸ್ಸು, ಮಗುವಿನ ವಯಸ್ಸು, ಮಗು ಗಂಡೋ ಹೆಣ್ಣೋ ಎಂಬುದನ್ನು ಬರೆಯಿರಿ. ಮಗುವಿನ ಹೆಸರು ಬೇಡ. ಅಜ್ಜಿ ಆಡಿದ ಮಾತಿಗೂ ತಂಗಿಯ ಗೆಳತಿಯರು ಆಡಿದ ಮಾತಿಗೂ ಎಲ್ಲಿ ವ್ಯತ್ಯಾಸ ಬರುತ್ತದೆ ಎಂಬುದನ್ನು ತರಗತಿಯಲ್ಲಿ ಪಟ್ಟಿಗಳನ್ನು ಹರಡಿಕೊಂಡು ನೋಡೋಣ.